ತುಂಬದ ಗುಂಡಿಯ ಹೆಮ್ಮೆ

"ನಮ್ಮನೆ ಗುಂಡಿ ಇಪ್ಪತ್ತು ವರ್ಷದಿಂದ ತುಂಬೇ ಇಲ್ಲ." ಮೈಸೂರಿನ ಹೊರವಲಯದಲ್ಲಿ ಮನೆ ಕಟ್ಟಿಸಿಕೊಂಡವರು ಈ ಮಾತನ್ನು ಹೆಮ್ಮೆಯಿಂದಲೇ ಹೇಳುತ್ತಾರೆ. ಕೇಳಿದವರೂ ಮೇಸ್ತ್ರಿಯ ಕೈಗುಣ ಚೆನ್ನಾಗಿತ್ತು, ನೆಲ ಒಳ್ಳೆಯದಿತ್ತು ಎಂದು ತಲೆದೂಗುತ್ತಾರೆ. ವಾಸ್ತವ ಬೇರೆಯೇ ಇದೆ. ಸರಿಯಾಗಿ ಕಟ್ಟಿದ ಸೆಪ್ಟಿಕ್ ಟ್ಯಾಂಕ್ ಬಳಕೆ ಶುರುವಾದ ಕೆಲವೇ ದಿನಗಳಲ್ಲಿ ತುಂಬಬೇಕು, ಆಮೇಲೆ ಸದಾ ತುಂಬಿಯೇ ಇರಬೇಕು. ಒಂದು ತುದಿಯಿಂದ ಎಷ್ಟು ನೀರು ಒಳಗೆ ಬಂತೋ ಅಷ್ಟೇ ನೀರು ಇನ್ನೊಂದು ತುದಿಯಿಂದ ಹೊರಗೆ ಹೋಗುವುದು ಅದರ ಕೆಲಸದ ಕ್ರಮ. ಇಪ್ಪತ್ತು ವರ್ಷವಾದರೂ ತುಂಬಲಿಲ್ಲ ಎಂದರೆ ಅದಕ್ಕೆ ತಳವೇ ಇಲ್ಲ, ಬಿದ್ದದ್ದೆಲ್ಲ ನೇರ ಭೂಮಿಗೆ ಇಳಿಯುತ್ತಿದೆ ಎಂದು ಅರ್ಥ. ಇಲ್ಲವೇ ಟ್ಯಾಂಕು ಎಂದೋ ಗಸಿಯಿಂದ ತುಂಬಿಹೋಗಿ, ಮಲ ತಂಗುವ ಜಾಗವಿಲ್ಲದೆ ಇಂಗುಗುಂಡಿಗೋ ಬೀದಿಯ ಮೋರಿಗೋ ಹರಿದುಹೋಗುತ್ತಿದೆ. ಎರಡರಲ್ಲಿ ಯಾವುದೇ ಆದರೂ ಹೆಮ್ಮೆಪಡುವ ಸಂಗತಿಯಲ್ಲ.

ಈ ತಪ್ಪು ತಿಳಿವಳಿಕೆ ಒಂದು ಮನೆಯ ಆವರಣದಲ್ಲೇ ಮುಗಿಯುವುದಾಗಿದ್ದರೆ ಅದರ ಮೇಲೆ ಲೇಖನ ಬರೆಯಬೇಕಾಗಿರಲಿಲ್ಲ. ಅದು ಪಕ್ಕದ ಮನೆಯ ಕೊಳವೆಬಾವಿಗೆ ಇಳಿಯುತ್ತದೆ, ಊರ ಕೆರೆಗೆ ಹರಿಯುತ್ತದೆ. ಕೊನೆಗೆ ಒಬ್ಬ ಮನುಷ್ಯನನ್ನು ಗುಂಡಿಯ ಒಳಗೆ ಇಳಿಸುತ್ತದೆ.

ಅಶೋಕ ರಸ್ತೆ, ಸೇಂಟ್ ಫಿಲೋಮಿನಾ ಚರ್ಚಿನ ಆಸುಪಾಸಿನ ಲಷ್ಕರ್ ಮೊಹಲ್ಲಾದಲ್ಲಿ ಹುಟ್ಟಿ ಬೆಳೆದವರಿಗೆ ಗುಂಡಿಯ ಚಿಂತೆ ಇರಲಿಲ್ಲ. ನಗರದ ಹಳೆಯ ಭಾಗಕ್ಕೆ ಒಳಚರಂಡಿ ಬಂದು ತಲೆಮಾರುಗಳೇ ಕಳೆದಿವೆ. ಅಲ್ಲಿ ಬಚ್ಚಲಿನಿಂದಲೂ ಕಕ್ಕಸಿನಿಂದಲೂ ಹೋದ ನೀರು ಕೊಳವೆ ಸೇರುತ್ತದೆ, ಮುಂದಿನದನ್ನು ನಗರಪಾಲಿಕೆ ನೋಡಿಕೊಳ್ಳುತ್ತದೆ. ಅದಕ್ಕೂ ಹಿಂದಿನ ವ್ಯವಸ್ಥೆಯ ಗುರುತು ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಇಂದಿಗೂ ಉಳಿದಿದೆ. ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಬಿಟ್ಟ ಕಿರಿದಾದ ಓಣಿಯನ್ನು ಮೈಸೂರಿನವರು 'ಕನ್ಸರ್ವೆನ್ಸಿ' ಎನ್ನುತ್ತಾರೆ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಕಾಲಿಟ್ಟ ಮೇಲೆ ಇಕ್ಕಟ್ಟಾದ ಕೇರಿಗಳಿಗೆ ಗಾಳಿ ಬೆಳಕು ತರುವ, ಹೊಸ ಬಡಾವಣೆ ಕಟ್ಟುವ ಕೆಲಸ ಚುರುಕಾಯಿತು. 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಹುಟ್ಟಿತು. ನಗರ ಯೋಜನೆಯ ಇತಿಹಾಸ ಬರೆದವರು ಮೈಸೂರಿಗೆ ಅದರ ಶ್ರೇಯಸ್ಸನ್ನು ಕೊಡುತ್ತಲೇ ಬಂದಿದ್ದಾರೆ, ಕೊಡಬೇಕಾದದ್ದೂ ಹೌದು. ಆದರೆ ಈ ಹಿಂಬದಿಯ ಓಣಿಗಳ ಉದ್ದೇಶವನ್ನೂ ಮರೆಯಬಾರದು. ಮಲವನ್ನು ಎತ್ತಿ ಹೊತ್ತು ಸಾಗಿಸುವವರು ಮುಂಬಾಗಿಲ ಬೀದಿಯಲ್ಲಿ ಓಡಾಡದೆ ಹಿತ್ತಿಲ ಕಡೆಯಿಂದಲೇ ಬಂದು ಹೋಗಲಿ ಎಂದು ಬಿಟ್ಟ ದಾರಿ ಅದು. ಊರಿಗೆ ಶುಚಿತ್ವವೂ ಬೇಕಿತ್ತು, ಶುಚಿ ಮಾಡುವವರು ಕಣ್ಣಿಗೆ ಬೀಳುವುದೂ ಬೇಡವಾಗಿತ್ತು.

ಒಳಚರಂಡಿ ಬಂದ ಮೇಲೆ ಆ ಓಣಿಗಳ ಮೊದಲಿನ ಕೆಲಸ ನಿಂತಿತು. ಕೆಲವು ಒತ್ತುವರಿಯಾದವು, ಕೆಲವು ಕಸ ಸುರಿಯುವ ಜಾಗಗಳಾದವು. ಹಿಂದಿನ ಬಾಗಿಲಿನಿಂದ ಹೋದದ್ದು ಹೋಯಿತು, ಅದರ ಸುದ್ದಿ ತಮಗೆ ಬೇಡ ಎಂಬ ಮನೋಭಾವ ಮಾತ್ರ ಉಳಿದುಕೊಂಡಿತು.

ಹಳೆಯ ಮೊಹಲ್ಲಾದ ಮನೆ ಅಣ್ಣತಮ್ಮಂದಿರಲ್ಲಿ ಪಾಲಾದಾಗ, ಇಲ್ಲವೇ ಮಕ್ಕಳು ದೊಡ್ಡವರಾಗಿ ಜಾಗ ಸಾಲದಾದಾಗ, ಸಂಸಾರಗಳು ರಿಂಗ್ ರಸ್ತೆಯ ಆಚೆಗೆ ಹೋಗುತ್ತವೆ. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಹೂಟಗಳ್ಳಿಗಳೆಲ್ಲ ಮೊನ್ನೆಮೊನ್ನೆಯವರೆಗೂ ಗ್ರಾಮ ಪಂಚಾಯಿತಿಗಳೇ. ಹೂಟಗಳ್ಳಿಗೆ ನಗರಸಭೆಯೂ ಉಳಿದವಕ್ಕೆ ಪಟ್ಟಣ ಪಂಚಾಯಿತಿಯೂ ಬಂದದ್ದು 2020ರ ಹೊತ್ತಿಗೆ. ಇಂಥ ಕಡೆ ಮನೆಗಳು ಮೊದಲು ಏಳುತ್ತವೆ, ಒಳಚರಂಡಿ ಆಮೇಲೆ ಬರುತ್ತದೆ. ಎಷ್ಟೋ ಖಾಸಗಿ ಬಡಾವಣೆಗಳಲ್ಲಿ ಬೀದಿಯ ಕೆಳಗೆ ಕೊಳವೆ ಹಾಕಿದ್ದರೂ ಅದು ನಗರದ ಮುಖ್ಯ ಕೊಳವೆಗೆ ಸೇರಿರುವುದಿಲ್ಲ. ಹೀಗೆ ಲಷ್ಕರ್ ಮೊಹಲ್ಲಾದ ಅಭ್ಯಾಸಗಳು ಸೆಪ್ಟಿಕ್ ಟ್ಯಾಂಕಿನ ಮನೆಗೆ ಬಂದು ಸೇರುತ್ತವೆ. ನೀರು ಬಿಟ್ಟು ಮರೆತುಬಿಡುವ ಅಭ್ಯಾಸ ಒಳಚರಂಡಿ ಇರುವಲ್ಲಿ ನಡೆದೀತು. ಟ್ಯಾಂಕು ಇರುವಲ್ಲಿ ಪಾಲಿಕೆಯ ಕೆಲಸವೂ ಮನೆಯವರ ತಲೆಯ ಮೇಲೆ ಬಂದಿರುತ್ತದೆ. ಅದನ್ನು ಅವರಿಗೆ ಯಾರೂ ತಿಳಿಸಿಹೇಳಿರುವುದಿಲ್ಲ.

ಟ್ಯಾಂಕಿನೊಳಗೆ ನಡೆಯುವುದು ಸರಳ. ಬಂದ ನೀರು ಒಂದೆರಡು ದಿನ ಅಲ್ಲಾಡದೆ ನಿಲ್ಲುತ್ತದೆ. ಭಾರವಾದದ್ದು ತಳಕ್ಕೆ ಕೂರುತ್ತದೆ, ಎಣ್ಣೆ ಜಿಡ್ಡು ಮೇಲಕ್ಕೆ ತೇಲಿ ಹಾಲಿನ ಕೆನೆಯಂತೆ ಗಟ್ಟಿಯಾಗುತ್ತದೆ, ನಡುವಿನ ನೀರಷ್ಟೇ ಮುಂದಿನ ಕೋಣೆಗೆ, ಅಲ್ಲಿಂದ ಇಂಗುಗುಂಡಿಗೆ ಹೋಗುತ್ತದೆ. ಹೊರಹೋಗುವ ಕೊಳವೆಯ ಬಾಯಿಗೆ 'ಟಿ' ಆಕಾರದ ತುಂಡು ಜೋಡಿಸುವುದು ಆ ಕೆನೆ ಕೊಚ್ಚಿಹೋಗದಿರಲೆಂದು. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ತಳದ ಗಸಿಯನ್ನು ಕರಗಿಸುತ್ತಾ ಹೋಗುತ್ತವೆ. ಆದರೆ ಅವು ಎಲ್ಲವನ್ನೂ ಕರಗಿಸಲಾರವು. ಮಿಕ್ಕದ್ದು ದಿನದಿನಕ್ಕೂ ಏರುತ್ತದೆ. ಏರಿದಷ್ಟೂ ನೀರು ನಿಲ್ಲುವ ಜಾಗ ಕಿರಿದಾಗುತ್ತದೆ, ನಿಲ್ಲುವ ಹೊತ್ತೂ ಕಡಿಮೆಯಾಗುತ್ತದೆ.

ಇದನ್ನು ಎಂಜಿನಿಯರುಗಳು ಲೆಕ್ಕ ಹಾಕಿಯೇ ಇಟ್ಟಿದ್ದಾರೆ. ಸೆಪ್ಟಿಕ್ ಟ್ಯಾಂಕಿಗೆಂದೇ ಇರುವ ಭಾರತೀಯ ಮಾನಕ ಐಎಸ್ 2470ರ ಪ್ರಕಾರ, ಹತ್ತು ಜನ ಬಳಸುವ ಟ್ಯಾಂಕು 2 ಮೀಟರ್ ಉದ್ದ, 90 ಸೆಂಟಿಮೀಟರ್ ಅಗಲ ಇರಬೇಕು. ನೀರಿನ ಆಳ ಎಷ್ಟಿರಬೇಕು ಎನ್ನುವುದಕ್ಕೆ ಮಾತ್ರ ಎರಡು ಉತ್ತರಗಳಿವೆ. ವರ್ಷಕ್ಕೊಮ್ಮೆ ಗಸಿ ತೆಗೆಸುವುದಾದರೆ 1 ಮೀಟರ್ ಸಾಕು, ಎರಡು ವರ್ಷಕ್ಕೊಮ್ಮೆಯಾದರೆ 1.4 ಮೀಟರ್ ಬೇಕು. ಅಂದರೆ ಯಾವಾಗ ಖಾಲಿ ಮಾಡಿಸಬೇಕು ಎನ್ನುವುದು ಟ್ಯಾಂಕಿನ ಅಳತೆಯಲ್ಲೇ ಸೇರಿದೆ. ಹತ್ತು, ಹದಿನೈದು, ಇಪ್ಪತ್ತು ವರ್ಷ ಮುಟ್ಟದೆ ಬಿಡಬಹುದಾದ ಟ್ಯಾಂಕನ್ನು ಆ ಮಾನಕ ಊಹಿಸಿಯೇ ಇಲ್ಲ. ಕೇಂದ್ರ ಸರ್ಕಾರದ ಕೈಪಿಡಿಗಳೂ ಎರಡು ಮೂರು ವರ್ಷದ ಗಡುವನ್ನೇ ಹೇಳುತ್ತವೆ. ಮೂವತ್ತು–ನಲವತ್ತು ಸೈಟಿನಲ್ಲಿ ಒಂದು ಸಂಸಾರಕ್ಕೆಂದು ಕಟ್ಟಿಸಿದ ಟ್ಯಾಂಕಿನ ಮೇಲೆ ಆಮೇಲೆ ಎರಡು ಮಹಡಿ ಎದ್ದು, ನಾಲ್ಕು ಬಾಡಿಗೆ ಸಂಸಾರ ಬಂದರೆ ಗಡುವು ಇನ್ನೂ ಹತ್ತಿರವಾಗುತ್ತದೆ. ಮನೆಯ ಮಾಲೀಕರು ಬಾಡಿಗೆ, ಅಡ್ವಾನ್ಸು, ಕರೆಂಟ್ ಬಿಲ್ಲಿನ ಲೆಕ್ಕವನ್ನೆಲ್ಲ ಇಟ್ಟಿರುತ್ತಾರೆ. ಈ ಲೆಕ್ಕ ಇಟ್ಟವರು ಅಪರೂಪ.

ಗಡುವು ಬಂದಿದೆಯೇ ಎಂದು ತಿಳಿಯಲು ಹಳೆಯದೊಂದು ಉಪಾಯವಿದೆ. ಟ್ಯಾಂಕಿನ ಆಳಕ್ಕಿಂತ ಉದ್ದವಾದ ಗಳುವೊಂದನ್ನು ತೆಗೆದುಕೊಂಡು, ಅದರ ಕೆಳಗಿನ ಅರ್ಧಕ್ಕೆ ಹಳೆಯ ಬಿಳಿ ಪಂಚೆಯ ತುಂಡನ್ನು ಬಿಗಿಯಾಗಿ ಸುತ್ತಬೇಕು. ಮುಚ್ಚಳ ಸರಿಸಿ, ಸ್ವಲ್ಪ ಹೊತ್ತು ದೂರ ನಿಂತು, ಆಮೇಲೆ ಮುಖವನ್ನು ಟ್ಯಾಂಕಿನ ಬಾಯಿಯ ಮೇಲೆ ತಾರದೆ ಗಳುವನ್ನು ತಳ ಮುಟ್ಟುವವರೆಗೆ ಇಳಿಸಿ, ಕೆಲವು ನಿಮಿಷ ಹಾಗೇ ಹಿಡಿದು, ನಿಧಾನವಾಗಿ ಎತ್ತಬೇಕು. ಬಟ್ಟೆಯ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತದೆ. ಮೇಲಿನ ಭಾಗ ಬರೀ ಒದ್ದೆ, ಕೆಳಗಿನದು ಕಡುಗಪ್ಪು. ಕಪ್ಪು ಭಾಗ ನೀರಿನ ಒಟ್ಟು ಆಳದ ಮೂರನೇ ಒಂದರಷ್ಟು ಮುಟ್ಟಿದ್ದರೆ ಗಸಿ ಹೀರುವ ಗಾಡಿ ಕರೆಸುವ ಕಾಲ ಬಂತು. ಬೆಂಕಿಕಡ್ಡಿ, ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು. ಒಳಗಿರುವ ಮೀಥೇನ್ ಹತ್ತಿಕೊಳ್ಳುವ ಅನಿಲ.

ತಡ ಮಾಡಿದರೆ ಏನಾಗುತ್ತದೆ ಎನ್ನುವುದರಲ್ಲೇ ಇಡೀ ವಿಷಯದ ತಿರುಳಿದೆ. ಎರಡು ಮೂರು ವರ್ಷದ ಗಸಿ ಇನ್ನೂ ತೆಳ್ಳಗಿರುತ್ತದೆ. ಸಕ್ಕಿಂಗ್ ಗಾಡಿಯವರು ಕೊಳವೆ ಇಳಿಸಿ ಪಂಪು ಚಾಲೂ ಮಾಡಿದರೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ, ಯಾರೂ ಒಳಗೆ ಇಣುಕಬೇಕಾಗುವುದಿಲ್ಲ. ಅದೇ ಗಸಿ ಹತ್ತು ಹದಿನೈದು ವರ್ಷ ಒಂದರ ಮೇಲೊಂದು ಪದರವಾಗಿ ಕೂತರೆ ಮರಳು, ಕೂದಲು, ಬಟ್ಟೆಚೂರು, ಪ್ಯಾಡು, ಪ್ಲಾಸ್ಟಿಕ್ ಎಲ್ಲ ಸೇರಿ ತಳದಲ್ಲಿ ಗಟ್ಟಿಯಾಗುತ್ತದೆ. ಕೊಳವೆ ಮೇಲಿನ ನೀರನ್ನು ಎಳೆಯುತ್ತದೆ, ಕೆಳಗಿನದು ಕದಲುವುದಿಲ್ಲ. ನೀರು ಬಿಟ್ಟು ಕಲಕಿ ಮತ್ತೆ ಎಳೆಯುವುದು ಸರಿಯಾದ ದಾರಿ, ಅದಕ್ಕೆ ಸಮಯವೂ ಇನ್ನೊಂದು ಟ್ರಿಪ್ಪಿನ ದುಡ್ಡೂ ಬೇಕು. ಆಗ ಯಾರೋ ಒಬ್ಬರು ಹೇಳುತ್ತಾರೆ: "ಒಬ್ಬ ಇಳಿದು ಎರಡು ಬಕೆಟ್ ತೆಗೆದುಬಿಟ್ಟರೆ ಆಯ್ತು."

ಇಳಿದವನನ್ನು ಕೊಲ್ಲುವುದು ಹೆಚ್ಚಾಗಿ ಹೈಡ್ರೋಜನ್ ಸಲ್ಫೈಡ್. ಕಡಿಮೆ ಪ್ರಮಾಣದಲ್ಲಿದ್ದಾಗ ಅದು ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. ಪ್ರಮಾಣ ಏರಿದಾಗ ಮೂಗಿನ ಶಕ್ತಿಯನ್ನೇ ಸಾಯಿಸುತ್ತದೆ. ನಾತ ನಿಂತಿತು, ಗಾಳಿ ಸರಿಯಾಯಿತು ಎಂದುಕೊಂಡ ಗಳಿಗೆಯೇ ಅತ್ಯಂತ ಅಪಾಯದ ಗಳಿಗೆ. ಮೊದಲು ಬಿದ್ದವನನ್ನು ಎತ್ತಲು ಹೋದ ಎರಡನೆಯವನೂ ಮೂರನೆಯವನೂ ಸಾಯುವುದು ಇದರಿಂದಲೇ. 2018ರ ಜನವರಿಯಲ್ಲಿ ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆ ಹತ್ತಿರದ ಸೋಮಸುಂದರಪಾಳ್ಯದಲ್ಲಿ ವಸತಿ ಸಮುಚ್ಚಯವೊಂದರ ಕೊಳಚೆ ನೀರಿನ ಘಟಕಕ್ಕೆ ಇಳಿದ ಮೂವರು ಸತ್ತರು. ಕೋಲಾರದ ಕೆಜಿಎಫ್‌ನಲ್ಲಿ 2011ರಲ್ಲಿ ಮಲಗುಂಡಿಯಲ್ಲಿ ಮೂವರು ಸತ್ತಿದ್ದರು. ಪತ್ರಿಕೆಗಳು ಇಂಥದ್ದನ್ನು ದುರಂತ ಎಂದು ಬರೆಯುತ್ತವೆ. ಆದರೆ ಗಸಿ ಗಟ್ಟಿಯಾಗುವುದು ಒಂದು ದಿನದಲ್ಲಿ ನಡೆಯುವ ಕೆಲಸವಲ್ಲ. ಅದರ ಹಿಂದೆ ಯಾರೂ ಮುಚ್ಚಳ ತೆಗೆಯದ ವರ್ಷಗಟ್ಟಲೆ ಕಾಲವಿರುತ್ತದೆ.

ಈ ಕೆಲಸಕ್ಕೆ ಯಾರು ಇಳಿಯುತ್ತಾರೆ ಎಂದು ಕರ್ನಾಟಕಕ್ಕೆ ಗೊತ್ತಿಲ್ಲದೇ ಇಲ್ಲ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶದ ಕಾಯ್ದೆ ಬಂದದ್ದು 1993ರಲ್ಲಿ. ಅದಾಗಿ ಹದಿನೇಳು ವರ್ಷಗಳ ಮೇಲೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ತಮ್ಮ ಗೋಳನ್ನು ನಾಡಿಗೆ ತೋರಿಸಬೇಕಾಯಿತು. ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದು ಕೆಜಿಎಫ್‌ನಲ್ಲೇ. ಜಾತಿಯ ಮಾತು ಬಿಟ್ಟು ಸೆಪ್ಟಿಕ್ ಟ್ಯಾಂಕಿನ ನಿರ್ವಹಣೆಯನ್ನು ಬರೀ ಪ್ಲಂಬಿಂಗ್ ವಿಷಯವಾಗಿ ಚರ್ಚಿಸುವುದು ಈ ನಾಡಿನಲ್ಲಿ ಸಾಧ್ಯವಿಲ್ಲ. ಮನೆಯವರು ಗಡುವು ಮೀರಿದಾಗ ಅದರ ಬೆಲೆ ತೆರುವವರು ಯಾವ ಕೇರಿಯವರು ಎನ್ನುವುದು ಮೊದಲೇ ನಿರ್ಧಾರವಾಗಿರುತ್ತದೆ.

ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ಈ ಹೊಣೆಯನ್ನು ಸ್ಪಷ್ಟವಾಗಿ ಮನೆಯವರ ಬಾಗಿಲಿಗೇ ತಂದಿದೆ. ಸುರಕ್ಷಾ ಸಲಕರಣೆಗಳಿಲ್ಲದೆ ಸೆಪ್ಟಿಕ್ ಟ್ಯಾಂಕಿಗೋ ಒಳಚರಂಡಿಗೋ ಮನುಷ್ಯರನ್ನು ಇಳಿಸಬಾರದು ಎಂಬ ಅದರ 7ನೇ ಸೆಕ್ಷನ್ ನಗರಪಾಲಿಕೆಗಳಿಗೆ, ಗುತ್ತಿಗೆದಾರರಿಗೆ ಮಾತ್ರವಲ್ಲ, ಯಾವುದೇ ವ್ಯಕ್ತಿಗೂ ಅನ್ವಯಿಸುತ್ತದೆ. ನೇರವಾಗಿ ನೇಮಿಸಿದರೂ ಸರಿ, ಇನ್ನೊಬ್ಬರ ಮೂಲಕ ಮಾಡಿಸಿದರೂ ಸರಿ. ಮೊದಲ ಸಲದ ತಪ್ಪಿಗೆ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. 2014ರಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತ್ತು. 2023ರ ಅಕ್ಟೋಬರಿನ ತೀರ್ಪಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. "ಗಾಡಿಯವನೇ ಇಳಿಸಿದ, ನಮಗೇನು ಗೊತ್ತು" ಎಂದು ಗೇಟಿನ ಬಳಿ ನಿಂತಿದ್ದ ಮಾಲೀಕರು ಹೇಳಿ ಪಾರಾಗುವಂತಿಲ್ಲ.

ಗಡುವಿಗೆ ಸರಿಯಾಗಿ ಗಸಿ ತೆಗೆಸಬೇಕು ಎನ್ನುವುದಕ್ಕೆ ಬರುವ ಆಕ್ಷೇಪಣೆಗಳಲ್ಲಿ ಖರ್ಚಿನದು ದೊಡ್ಡದು, ಅದನ್ನು ಅಲ್ಲಗಳೆಯಲಾಗದು. ಒಂದು ಗಾಡಿಗೆ ಸಾವಿರಗಟ್ಟಲೆ ಕೊಡಬೇಕು, ಸಾಲ ತೀರಿಸುತ್ತಿರುವ ಮಧ್ಯಮ ವರ್ಗದ ಸಂಸಾರಕ್ಕೆ ಅದು ಹಗುರವಲ್ಲ. ಆದರೆ ಗಸಿ ಇಂಗುಗುಂಡಿಗೆ ದಾಟಿದರೆ ಅದರ ಸುತ್ತಲಿನ ಮಣ್ಣಿನ ರಂಧ್ರಗಳೇ ಕಟ್ಟಿಕೊಳ್ಳುತ್ತವೆ. ಆಮೇಲೆ ಹೊಸ ಗುಂಡಿ ತೋಡಿಸದೆ ಗತಿಯಿಲ್ಲ, ಜಾಗವಿದ್ದರೆ. ಎರಡು ಮೂರು ವರ್ಷಕ್ಕೊಮ್ಮೆ ಕೊಡುವ ಹಣ ಅದರ ಮುಂದೆ ಚಿಕ್ಕದು.

ಇನ್ನು ಪುಡಿ, ದ್ರಾವಣಗಳ ಮಾತು. ತಿಂಗಳಿಗೊಂದು ಪ್ಯಾಕೆಟ್ ಸುರಿದರೆ ಗಾಡಿಯೇ ಬೇಡ ಎನ್ನುವ ಜಾಹೀರಾತುಗಳಿಗೆ ಮರುಳಾಗುವವರು ಬಹಳ. ಮನುಷ್ಯರ ಮಲದಲ್ಲೇ ಬೇಕಾದಷ್ಟು ಸೂಕ್ಷ್ಮಜೀವಿಗಳಿವೆ, ಹೊರಗಿನಿಂದ ತಂದು ಹಾಕಬೇಕಾಗಿಲ್ಲ. ಹೊಸ ಟ್ಯಾಂಕಿಗೆ ನೀರು ತುಂಬಿ, ಶುರುವಿನಲ್ಲೊಮ್ಮೆ ಕಳಿತ ಸಗಣಿ ಕದಡಿ ಹಾಕುವ ರೂಢಿ ತಪ್ಪಲ್ಲ. ಹಳೆಯ ಗಸಿ ಸಿಗದಿದ್ದರೆ ಹಾಗೆ ಮಾಡಬಹುದೆಂದು ಮಾನಕವೂ ಒಪ್ಪುತ್ತದೆ. ಸಗಣಿಯಾಗಲಿ ಪುಡಿಯಾಗಲಿ ಕರಗದ ಗಸಿಯನ್ನು ಮಾಯ ಮಾಡಲಾರದು. ಅದರ ಬದಲು ಒಳಗೆ ಹೋಗಬಾರದ್ದನ್ನು ತಡೆಯುವುದು ಮೇಲು: ಕರಿದ ಎಣ್ಣೆ, ಕಾಫಿ ಗಸಟು, ಪ್ಯಾಡು, ಒದ್ದೆ ಟಿಶ್ಯೂ, ಬಾಟಲಿಗಟ್ಟಲೆ ಆಸಿಡ್ಡು. ಮಳೆನೀರಿನ ಕೊಳವೆಯನ್ನು ಟ್ಯಾಂಕಿಗೆ ತಿರುಗಿಸಿದ ಮನೆಗಳೂ ಇವೆ. ಒಂದು ಜೋರು ಮಳೆಗೆ ಕೂತ ಗಸಿಯೆಲ್ಲ ಎದ್ದು ಹೊರಗೆ ನುಗ್ಗುತ್ತದೆ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಜಾಗದ್ದು. ಕುಡಿಯುವ ನೀರಿನ ಬಾವಿಗೂ ಇಂಗುವ ವ್ಯವಸ್ಥೆಗೂ ಕನಿಷ್ಠ 18 ಮೀಟರ್ ಅಂತರ ಇರಬೇಕೆಂದು ಅದೇ ಐಎಸ್ 2470 ಹೇಳುತ್ತದೆ. ಅಡಿಯ ಲೆಕ್ಕದಲ್ಲಿ 59. ಮೂವತ್ತು–ನಲವತ್ತು ಸೈಟಿನ ಒಂದು ಮೂಲೆಯಿಂದ ಎದುರಿನ ಮೂಲೆಗೆ ಹಗ್ಗ ಹಿಡಿದರೂ ಸಿಗುವುದು 50 ಅಡಿ! ಅಂದರೆ ಇಂಥ ಸೈಟಿನಲ್ಲಿ ಕೊಳವೆಬಾವಿ ಮತ್ತು ಇಂಗುಗುಂಡಿ ಎರಡನ್ನೂ ಮಾನಕದಂತೆ ಇಡಲು ಸಾಧ್ಯವೇ ಇಲ್ಲ. ತಮ್ಮ ಸೈಟಿನಲ್ಲಿ ಬೋರ್ ಇಲ್ಲ ಎಂದರೂ ಗೋಡೆಯಾಚೆ ಪಕ್ಕದವರದ್ದು ಇರುತ್ತದೆ. ಮೈಸೂರಿನ ಕೆಳಗಿರುವುದು ಗಟ್ಟಿ ಶಿಲೆ. ನೀರು ಹರಿಯುವುದು ಅದರ ಬಿರುಕುಗಳಲ್ಲಿ, ಬಿರುಕು ಯಾರ ಬೋರಿಗೆ ಹೋಗುತ್ತದೆಂದು ಮೇಲಿನಿಂದ ಹೇಳಲಾಗದು. ತಳವಿಲ್ಲದ ಸಿಮೆಂಟ್ ರಿಂಗಿನ ಗುಂಡಿಯಿಂದ ಇಳಿದ ಸಾರಜನಕ ನೈಟ್ರೇಟ್ ಆಗಿ ಆ ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ಹಾಗಾಗಿ ಸೈಟಿನ ಬೇಲಿಯೊಳಗಿನ ಖಾಸಗಿ ವಿಷಯ ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಅಕ್ಕಪಕ್ಕದವರ ಒಪ್ಪಿಗೆಯಿಲ್ಲದೆ ಅವರ ನೀರಿನ ಮೇಲೆ ತೆಗೆದುಕೊಂಡ ನಿರ್ಧಾರ ಅದು.

ಗಸಿ ತೆಗೆಸಿದ ಮೇಲೂ ಕೇಳಬೇಕಾದ ಪ್ರಶ್ನೆ ಒಂದಿದೆ: ಗಾಡಿ ಎಲ್ಲಿಗೆ ಹೋಯಿತು? ಮೈಸೂರಿಗೆ ವಿದ್ಯಾರಣ್ಯಪುರಂ, ರಾಯನಕೆರೆ, ಕೆಸರೆಗಳಲ್ಲಿ ಕೊಳಚೆ ನೀರಿನ ಶುದ್ಧೀಕರಣ ಘಟಕಗಳಿವೆ. ಮೂರೂ ಸೇರಿ ದಿನಕ್ಕೆ ಸುಮಾರು 157 ದಶಲಕ್ಷ ಲೀಟರ್ ಸಾಮರ್ಥ್ಯ. ಒಳಚರಂಡಿಯ ನೀರಿಗೆ ಅಲ್ಲಿ ಗತಿಯಿದೆ. ಗಾಡಿಯಲ್ಲಿ ಬರುವ ಗಸಿ ಒಳಚರಂಡಿ ನೀರಿಗಿಂತ ಎಷ್ಟೋ ಪಟ್ಟು ತೀಕ್ಷ್ಣ, ಅದನ್ನು ಇಳಿಸಿಕೊಳ್ಳಲು ಬೇರೆ ತೊಟ್ಟಿ, ಬೇರೆ ಅಳತೆ ಬೇಕು. ದೂರದ ಘಟಕಕ್ಕೆ ಡೀಸೆಲ್ ಸುಟ್ಟು ಹೋಗುವುದಕ್ಕಿಂತ ಕತ್ತಲಾದ ಮೇಲೆ ರಾಜಕಾಲುವೆಗೋ ಖಾಲಿ ಸೈಟಿಗೋ ಬಿಡುವುದು ಗಾಡಿಯವರಿಗೆ ಅಗ್ಗ. 2015 ಮತ್ತು 2016ರ ರಾಷ್ಟ್ರೀಯ ಸ್ವಚ್ಛತಾ ಪಟ್ಟಿಗಳಲ್ಲಿ ಮೊದಲ ಸ್ಥಾನ ಪಡೆದ ಊರಿಗೆ ಇದು ಒಪ್ಪುವ ಮಾತಲ್ಲ.

ದಾರಿ ಕರ್ನಾಟಕದಲ್ಲೇ ಇದೆ. ಒಳಚರಂಡಿ ಇಲ್ಲದಿದ್ದ ದೇವನಹಳ್ಳಿ ಪಟ್ಟಣದಲ್ಲಿ 2015ರಲ್ಲಿ ಮಲತ್ಯಾಜ್ಯಕ್ಕೆಂದೇ ಪುಟ್ಟ ಶುದ್ಧೀಕರಣ ಘಟಕ ಶುರುವಾಯಿತು. ದೇಶದಲ್ಲಿ ಈ ಬಗೆಯ ಮೊದಲ ಘಟಕಗಳಲ್ಲೊಂದು ಅದು. ಸಾಮರ್ಥ್ಯ ದಿನಕ್ಕೆ 6,000 ಲೀಟರ್, ಅಂದರೆ ಒಂದೆರಡು ಗಾಡಿಯಷ್ಟು. ಗಾಡಿ ತಂದದ್ದನ್ನು ಮುಚ್ಚಿದ ತೊಟ್ಟಿಗಳಲ್ಲಿ ಕಳಿಯಲು ಬಿಟ್ಟು, ಒಣಗಿಸಿ, ಊರಿನ ಹಸಿಕಸದ ಜೊತೆ ಸೇರಿಸಿ ಗೊಬ್ಬರ ಮಾಡುತ್ತಾರೆ. ದೊಡ್ಡ ಯಂತ್ರಗಳ ಗೋಜಿಲ್ಲ, ಹರಿವು ಬಹುತೇಕ ಇಳಿಜಾರಿನ ಬಲದಿಂದಲೇ. ಮೈಸೂರಿನ ಹೊರವಲಯದ ಪ್ರತಿ ದಿಕ್ಕಿಗೂ ಇಂಥದ್ದೊಂದನ್ನು ಕಟ್ಟುವುದಕ್ಕೆ ದೊಡ್ಡ ಒಳಚರಂಡಿ ಯೋಜನೆ ಮುಗಿಯುವವರೆಗೆ ಕಾಯಬೇಕಾಗಿಲ್ಲ.

ಘಟಕವಿದ್ದರೂ ಮನೆಯವರು ಕರೆಸದಿದ್ದರೆ ಗಾಡಿ ಬರುವುದಿಲ್ಲ. ಮಹಾರಾಷ್ಟ್ರದ ಸತಾರಾ ಜಿಲ್ಲೆಯ ವಾಯಿ ಪಟ್ಟಣ ಇದಕ್ಕೆ ಹಿಡಿದ ದಾರಿ ಗಮನಿಸಬೇಕಾದದ್ದು. ಅಲ್ಲಿ ಮನೆಯವರು ಕರೆಯುವವರೆಗೆ ಕಾಯದೆ, ಮೂರು ವರ್ಷಕ್ಕೊಮ್ಮೆ ಸರದಿಯಂತೆ ಗಾಡಿಯೇ ಮನೆ ಬಾಗಿಲಿಗೆ ಬರುತ್ತದೆ, ಹಣ ತೆರಿಗೆಯ ರೂಪದಲ್ಲಿ ಮೊದಲೇ ಸಂದಾಯವಾಗಿರುತ್ತದೆ. ಜಪಾನಿನಲ್ಲಿ ಮನೆಮನೆಯ ಕೊಳಚೆ ತೊಟ್ಟಿಗಳಿಗೆಂದೇ 1983ರ ಕಾಯ್ದೆಯಿದೆ. ಅದರಂತೆ ವರ್ಷಕ್ಕೊಮ್ಮೆ ತಪಾಸಣೆಯೂ ಶುಚಿಗೊಳಿಸುವುದೂ ಕಡ್ಡಾಯ. ಎರಡೂ ಕಡೆ ಇದನ್ನು ಮನೆಯವರ ನೆನಪಿಗೆ ಬಿಟ್ಟಿಲ್ಲ. ತಾವಾಗಿಯೇ ಮಾಡಲಿ ಎಂದು ಬಿಟ್ಟರೆ ಆಗುವುದಿಲ್ಲ ಎನ್ನಲು ಇಪ್ಪತ್ತು ವರ್ಷದ ಹೆಮ್ಮೆಯ ಮಾತುಗಳೇ ಸಾಕ್ಷಿ.

ಕಟ್ಟುವಾಗಲೇ ಮಾಡಬೇಕಾದದ್ದೂ ಉಂಟು. ಪೋರ್ಟಿಕೋದ ಟೈಲ್ಸ್ ಕೆಳಗೆ ಟ್ಯಾಂಕನ್ನು ಹೂತು ಮುಚ್ಚಳವೇ ಇಲ್ಲದಂತೆ ಮಾಡುವುದು ಈಗಿನ ರೂಢಿ, ನೋಡಲು ಚೆಂದ ಎಂದು. ಒಡೆಯದೆ ತೆಗೆಯಲಾಗದ ಟ್ಯಾಂಕನ್ನು ಯಾರು ಎರಡು ವರ್ಷಕ್ಕೊಮ್ಮೆ ತೆಗೆಸಿಯಾರು? ಪ್ರತಿ ಕೋಣೆಯ ಮೇಲೂ ಎತ್ತಬಹುದಾದ ಮುಚ್ಚಳ, ಮನೆಯ ಕಿಟಕಿಗಿಂತ ಎತ್ತರಕ್ಕೆ ಏರಿಸಿದ ಗಾಳಿಕೊಳವೆ, ಗಾಡಿಯ ಕೊಳವೆ ಮುಟ್ಟುವಷ್ಟು ಬೀದಿಗೆ ಹತ್ತಿರದ ಜಾಗ, ಇವಿಲ್ಲದ ನಕ್ಷೆಗೆ ಅನುಮತಿ ಕೊಡಬಾರದು.

ಮೈಸೂರಿನ ಸುತ್ತಲಿನ ಸ್ಥಳೀಯ ಸಂಸ್ಥೆಗಳ ಬಳಿ ಪ್ರತಿ ಮನೆಯ ಕಂದಾಯದ ದಾಖಲೆ ಇದೆ. ಅದರಲ್ಲಿ ಇನ್ನೆರಡು ಕಲಂ ಸೇರಿಸಿದರೆ ಸಾಕು: ಟ್ಯಾಂಕಿದೆಯೋ ಬರೀ ರಿಂಗಿನ ಗುಂಡಿಯೋ, ಕಡೆಯ ಸಲ ಗಸಿ ತೆಗೆಸಿದ್ದು ಯಾವಾಗ. ಆ ಪಟ್ಟಿ ಹಿಡಿದು ವಾರ್ಡುವಾರು ಸರದಿ ಹಾಕಬಹುದು, ಗಾಡಿಗಳಿಗೆ ಪರವಾನಗಿ ಕೊಟ್ಟು ಅವು ಘಟಕಕ್ಕೇ ಹೋದವೇ ಎಂದು ನೋಡಬಹುದು. ಮುಂದೊಂದು ದಿನ ಒಳಚರಂಡಿ ಬಂದಾಗಲೂ ಅದೇ ಪಟ್ಟಿ ಬೇಕಾಗುತ್ತದೆ. ಸಂಪರ್ಕ ಸಿಕ್ಕಿತೆಂದು ಹಳೆಯ ಟ್ಯಾಂಕನ್ನು ಹಾಗೇ ಬಿಟ್ಟರೆ ಅದರೊಳಗೆ ಅನಿಲ ಉಳಿದಿರುತ್ತದೆ, ಮೇಲಿನ ಚಪ್ಪಡಿ ಶಿಥಿಲವಾಗುತ್ತದೆ. ಪ್ರತಿಯೊಂದನ್ನೂ ಯಂತ್ರದಿಂದ ಬರಿದು ಮಾಡಿಸಿ, ತಳಕ್ಕೆ ತೂತು ಹೊಡೆಸಿ, ಮಣ್ಣು ತುಂಬಿಸುವವರೆಗೆ ಆ ಮನೆಯ ಹೆಸರನ್ನು ಪಟ್ಟಿಯಿಂದ ತೆಗೆಯಬಾರದು.